ಎಸ್‌ಇಲಿನಕ್ಸ್

ಸೆಕ್ಯುರಿಟಿ ಎನ್‌ಹ್ಯಾನ್ಸ್‌ಡ್ ಲಿನಕ್ಸ್, ಸಂಕ್ಷಿಪ್ತವಾಗಿ ಎಸ್‌ಇಲಿನಕ್ಸ್, ಎಂಬುದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್‌ನಲ್ಲಿ ಅಡಕವಾಗಿರುವ ಭದ್ರತಾ ಘಟಕ. ಇದು ಕಡ್ಡಾಯ ಪ್ರವೇಶ ನಿಯಂತ್ರಣ ಎಂಬ ತತ್ತ್ವವನ್ನು ಜಾರಿಗೊಳಿಸುತ್ತದೆ. ವೆಬ್ ಸರ್ವರ್, ಇಮೇಲ್ ಸರ್ವರ್ ಮುಂತಾಗಿ ಹಿನ್ನೆಲೆಯಲ್ಲಿ ಸದಾ ನಡೆಯುತ್ತಿರುವ ಸೇವಾ ಪ್ರಕ್ರಿಯೆಗಳನ್ನು ಅವುಗಳ ಕೆಲಸಕ್ಕೆ ಅಗತ್ಯವಾದ ಎಲ್ಲೆಯೊಳಗೇ ಇರಿಸುವುದು ಇದರ ಮುಖ್ಯ ಉಪಯೋಗಗಳಲ್ಲೊಂದು.

ಹಿನ್ನೆಲೆ

ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಒಂದು ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಅದರ ಒಡೆಯನೇ ನಿರ್ಧರಿಸುತ್ತಾನೆ. ‘ರೂಟ್’ ಎಂಬ ಸರ್ವಾಧಿಕಾರಿ ಬಳಕೆದಾರನನ್ನು ಈ ನಿರ್ಬಂಧಗಳು ತಡೆಯುವುದಿಲ್ಲ. ಆದ್ದರಿಂದ ರೂಟ್ ಅಧಿಕಾರದಲ್ಲಿ ನಡೆಯುವ ಒಂದು ಸೇವೆ ದಾಳಿಕಾರನ ವಶವಾದರೆ ಇಡೀ ಗಣಕಯಂತ್ರವೇ ಅವನ ವಶವಾಗಬಹುದು. ಕಡ್ಡಾಯ ನಿಯಂತ್ರಣದಲ್ಲಿ ಅಂತಿಮ ತೀರ್ಮಾನವು ಕಡತದ ಒಡೆಯನದಲ್ಲ, ಇಡೀ ವ್ಯವಸ್ಥೆಗೆ ಅನ್ವಯಿಸುವ ಭದ್ರತಾ ನೀತಿಯದು. ರೂಟ್ ಅಧಿಕಾರದ ಸೇವೆಯೂ ಆ ನೀತಿಗೆ ಅಧೀನವಾಗಿರುತ್ತದೆ.

ಇತಿಹಾಸ

ಎಸ್‌ಇಲಿನಕ್ಸ್‌ನ ಮೂಲವು ಯೂಟಾ ವಿಶ್ವವಿದ್ಯಾಲಯದ ಸಹಯೋಗದಲ್ಲಿ ರೂಪುಗೊಂಡ ‘ಫ್ಲಾಸ್ಕ್’ ವಿನ್ಯಾಸದಲ್ಲಿದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು ಇದನ್ನು 2000ದ ಡಿಸೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿತು. 2003ರಲ್ಲಿ ಇದು ಲಿನಕ್ಸ್ ಕರ್ನಲ್‌ನ 2.6ನೆಯ ಆವೃತ್ತಿಯಲ್ಲಿ ಸೇರ್ಪಡೆಯಾಯಿತು. ಎಲ್ಲ ಪ್ರಕ್ರಿಯೆಗಳನ್ನೂ ಬಿಗಿಯುವ ನೀತಿಯು ಸಾಮಾನ್ಯ ಬಳಕೆಗೆ ತೊಡಕಾದುದರಿಂದ, 2004ರ ಫೆಡೋರಾ ಕೋರ್ 3ರಲ್ಲಿ ಆಯ್ದ ಕೆಲವು ಸೇವೆಗಳನ್ನು ಮಾತ್ರ ನಿರ್ಬಂಧಿಸುವ ‘ಟಾರ್ಗೆಟೆಡ್’ ನೀತಿಯನ್ನು ಅಳವಡಿಸಲಾಯಿತು. 2014ರಲ್ಲಿ ಬಂದ ಆಂಡ್ರಾಯ್ಡ್ 5.0 ಆವೃತ್ತಿಯಿಂದ ಮೊಬೈಲ್ ಫೋನುಗಳಲ್ಲಿಯೂ ಇದು ಪೂರ್ಣವಾಗಿ ಜಾರಿಯಲ್ಲಿದೆ.

ಕಾರ್ಯವಿಧಾನ

ಪ್ರತಿಯೊಂದು ಪ್ರಕ್ರಿಯೆಗೂ ಕಡತಕ್ಕೂ ಒಂದು ಲೇಬಲ್ ಇರುತ್ತದೆ. ಅದರಲ್ಲಿ ಬಳಕೆದಾರ, ಪಾತ್ರ, ಪ್ರಕಾರ ಮತ್ತು ಹಂತ ಎಂಬ ಭಾಗಗಳಿದ್ದು, ಹೆಚ್ಚಿನ ನಿಯಮಗಳು ‘ಪ್ರಕಾರ’ವನ್ನು ಅವಲಂಬಿಸಿವೆ. ಉದಾಹರಣೆಗೆ, ಅಪಾಚೆ ವೆಬ್ ಸರ್ವರ್‌ನ ಪ್ರಕಾರ ‘ಎಚ್‌ಟಿಟಿಪಿಡಿ_ಟಿ’. ಗುಪ್ತಪದಗಳ ಗೂಢರೂಪವಿರುವ ಕಡತದ ಪ್ರಕಾರ ‘ಶ್ಯಾಡೋ_ಟಿ’. ಮೊದಲನೆಯದು ಎರಡನೆಯದನ್ನು ಓದಬಹುದೆಂಬ ನಿಯಮ ನೀತಿಯಲ್ಲಿ ಇಲ್ಲದಿರುವುದರಿಂದ, ಸರ್ವರ್ ದಾಳಿಕಾರನ ಕೈಸೇರಿದರೂ ಆ ಕಡತ ಅವನಿಗೆ ದೊರೆಯುವುದಿಲ್ಲ. ನಿಯಮವಿಲ್ಲದ್ದೆಲ್ಲವೂ ನಿಷಿದ್ಧ ಎಂಬುದೇ ಇಲ್ಲಿನ ಮೂಲಸೂತ್ರ. ಸಾಮಾನ್ಯ ಅನುಮತಿಗಳ ಪರಿಶೀಲನೆ ಮುಗಿದ ಮೇಲೆ ಈ ಪರಿಶೀಲನೆ ನಡೆಯುತ್ತದೆ. ಅಲ್ಲಿ ನಿರಾಕರಿಸಿದ್ದನ್ನು ಇದು ಮಂಜೂರು ಮಾಡಲಾರದು.

ಸ್ಥಿತಿಗಳು

‘ಎನ್‌ಫೋರ್ಸಿಂಗ್’ ಸ್ಥಿತಿಯಲ್ಲಿ ನೀತಿಯು ಜಾರಿಯಲ್ಲಿರುತ್ತದೆ. ‘ಪರ್ಮಿಸಿವ್’ ಸ್ಥಿತಿಯಲ್ಲಿ ಉಲ್ಲಂಘನೆಗಳು ದಾಖಲಾಗುತ್ತವೆಯೇ ಹೊರತು ಅವುಗಳಿಗೆ ತಡೆಯಿಲ್ಲ. ‘ಡಿಸೇಬಲ್ಡ್’ ಎಂದರೆ ಸಂಪೂರ್ಣ ನಿಷ್ಕ್ರಿಯ. ಸೇವೆಯೊಂದು ಕೆಲಸ ಮಾಡದಿದ್ದಾಗ ಎಸ್‌ಇಲಿನಕ್ಸ್ ಅನ್ನೇ ನಿಷ್ಕ್ರಿಯಗೊಳಿಸುವ ರೂಢಿಯಿದೆ. ಆದರೆ ಅನೇಕ ಸಲ ದೋಷವಿರುವುದು ಲೇಬಲ್‌ನಲ್ಲಿ. ಮನೆಯ ಕಡತಕೋಶದಿಂದ ವೆಬ್ ಸರ್ವರ್‌ನ ಕೋಶಕ್ಕೆ ಸ್ಥಳಾಂತರಿಸಿದ ಕಡತವು ಹಳೆಯ ಲೇಬಲ್ ಅನ್ನೇ ಉಳಿಸಿಕೊಳ್ಳುವುದರಿಂದ ಸರ್ವರ್ ಅದನ್ನು ಓದಲಾರದು. ‘ರಿಸ್ಟೋರ್‌ಕಾನ್’ ಆದೇಶದಿಂದ ಲೇಬಲ್ ಅನ್ನು ಸರಿಪಡಿಸಿದರೆ ರಕ್ಷಣೆಯನ್ನು ಕಳೆದುಕೊಳ್ಳದೆ ಸಮಸ್ಯೆ ಪರಿಹಾರವಾಗುತ್ತದೆ.

ಮಿತಿಗಳು

ಎಸ್‌ಇಲಿನಕ್ಸ್ ಸೇವೆಯಲ್ಲಿನ ದೋಷವನ್ನು ನಿವಾರಿಸುವುದಿಲ್ಲ. ಅದರಿಂದಾಗುವ ಹಾನಿಯ ವ್ಯಾಪ್ತಿಯನ್ನು ಕುಗ್ಗಿಸುತ್ತದೆ. ನೀತಿಯೇ ಅನುಮತಿಸಿದ ದತ್ತಾಂಶವನ್ನು ವಶಗೊಂಡ ಸೇವೆಯು ದುರುಪಯೋಗಪಡಿಸಬಹುದು. ಕರ್ನಲ್‌ನಲ್ಲಿಯೇ ದೋಷವಿದ್ದರೆ ಈ ರಕ್ಷಣೆಯನ್ನೂ ದಾಟಿಹೋಗುವ ಸಾಧ್ಯತೆಯಿದೆ. ಉಬುಂಟು ಬಳಸುವ ‘ಆಪ್‌ಆರ್ಮರ್’ ಇದೇ ಉದ್ದೇಶದ ಮತ್ತೊಂದು ಘಟಕವಾಗಿದ್ದು, ಲೇಬಲ್‌ಗಳ ಬದಲು ಕಡತದ ಪಥವನ್ನು ಆಧರಿಸಿ ತೀರ್ಮಾನಿಸುತ್ತದೆ.