ಒಂದು ದಿನದ ಕಡಲು: ಲಂಡನ್ನಿನಿಂದ ಬ್ರೈಟನ್ನಿಗೆ

ರಜೆಯ ದಿನ ಬೆಳಿಗ್ಗೆ ಹೊರಟು, ಕಡಲು ನೋಡಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರಬೇಕೆಂದರೆ ನೀವು ಮೂರು ಪ್ರಶ್ನೆ ಕೇಳುತ್ತೀರಿ. ಯಾವ ಗಾಡಿ? ಎಷ್ಟು ಹೊತ್ತು? ಎಷ್ಟು ದುಡ್ಡು? ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ನಮಗೆ ರಜೆ ಇರುವ ದಿನ ಕೆಲಸ ಮಾಡುವ ರೈಲಿನವರಿಗೆ ರಜೆ ಯಾವಾಗ? ಈ ನಾಲ್ಕೂ ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡು ಇಂಗ್ಲೆಂಡಿನ ಒಂದು ದಾರಿಯ ಚರಿತ್ರೆಯನ್ನು ನೋಡೋಣ.

ಲಂಡನ್ನಿನ ದಕ್ಷಿಣಕ್ಕೆ ಸುಮಾರು 50 ಮೈಲಿ ದೂರದಲ್ಲಿ ಬ್ರೈಟನ್ ಎಂಬ ಕಡಲತೀರದ ಊರಿದೆ. ಬೆಂಗಳೂರಿಗೂ ಮದ್ದೂರಿಗೂ ಇರುವಷ್ಟೇ ಅಂತರ. ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಅದು ಸೊರಗಿದ ಮೀನುಗಾರರ ಊರು. ಆಗ ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರದ ನೀರಿನಲ್ಲಿ ಮೀಯುವುದು, ಅಷ್ಟೇಕೆ, ಅದನ್ನು ಕುಡಿಯುವುದು ಸಹ ಕಾಯಿಲೆಗೆ ಮದ್ದು ಎಂದು ಬರೆದರು. ಸಿರಿವಂತರು ಬರತೊಡಗಿದರು. 1783ರಲ್ಲಿ ಯುವರಾಜ ಜಾರ್ಜ್ ಬಂದ. ಮುಂದೆ ಅಲ್ಲಿ ನಮ್ಮ ದೇಶದ ಗುಮ್ಮಟಗಳನ್ನು ನೆನಪಿಸುವ ಅರಮನೆಯೊಂದನ್ನು ಕಟ್ಟಿಸಿದ. ಪಟ್ನಾದ ದೀನ್ ಮಹಮ್ಮದ್ ಈ ಊರಿನಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಮನೆ ನಡೆಸಿ ರಾಜರಿಗೇ ಸೇವೆ ಸಲ್ಲಿಸಿದ. ನೀವು ತಲೆಗೆ ಹಾಕುವ ಶಾಂಪೂವಿನ ಹೆಸರು ಬಂದದ್ದು ಮೈ ಒತ್ತುವುದಕ್ಕಿದ್ದ ಹಿಂದಿ ಮಾತಿನಿಂದ.

ಇವರೆಲ್ಲ ಬಂದದ್ದು ಕುದುರೆಗಾಡಿಯಲ್ಲಿ. ಮೊದಲಿಗೆ ಪಯಣಕ್ಕೆ ಪೂರ್ತಿ ಒಂದು ದಿನ ಹಿಡಿಯುತ್ತಿತ್ತು. ಸುಂಕದ ರಸ್ತೆಗಳು ಸುಧಾರಿಸಿ, ದಾರಿಯುದ್ದಕ್ಕೂ ಹೊಸ ಕುದುರೆ ಕಟ್ಟುವ ಲಾಯಗಳು ಬಂದಮೇಲೆ 1830ರ ಸುಮಾರಿಗೆ ಅದು ಐದಾರು ಗಂಟೆಗೆ ಇಳಿಯಿತು. ಆದರೂ ಹೋಗಿ ಬರಲು ಹತ್ತು ಹನ್ನೆರಡು ಗಂಟೆ ಗಾಡಿಯಲ್ಲೇ ಕಳೆದರೆ ಕಡಲು ನೋಡುವುದು ಯಾವಾಗ? ಗಾಡಿಯ ಒಳಗೆ ಕೂರುವ ಶಕ್ತಿಯಿಲ್ಲದವರು ಕಡಿಮೆ ದರ ತೆತ್ತು ಛಾವಣಿಯ ಮೇಲೆ ಮಳೆಗಾಳಿಗೆ ಮೈಯೊಡ್ಡಿ ಕೂರುತ್ತಿದ್ದರು. ಕೂಲಿಕಾರನಿಗೆ ಆ ಛಾವಣಿಯೂ ಎಟುಕುತ್ತಿರಲಿಲ್ಲ.

1841ರ ಸೆಪ್ಟೆಂಬರ್ 21ರಂದು ರೈಲು ಬ್ರೈಟನ್ ಮುಟ್ಟಿತು. ಎಂಜಿನಿಯರ್ ರಾಸ್ಟ್ರಿಕ್ ಗುಡ್ಡಗಳನ್ನು ಬಳಸಿ ಹೋಗದೆ ನೇರವಾಗಿ ಕೊರೆಸಿದ್ದರು. ಊಸ್ ಕಣಿವೆಯ ಮೇಲೆ 37 ಕಮಾನುಗಳ ಸೇತುವೆ. ಬ್ರೈಟನ್ನಿಗೆ ಕೆಲವೇ ಮೈಲಿ ಮೊದಲು, ಕ್ಲೇಟನ್ ಎಂಬಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿದ ಸುರಂಗ. ಪಯಣ ಎರಡು ಗಂಟೆಯ ಆಸುಪಾಸಿಗೆ ಬಂತು.

ಹೊತ್ತು ಇಳಿಯಿತು, ದುಡ್ಡಿನ ಮಾತೇನು? 1844ರ ಕಾನೂನು ಪ್ರತಿ ಕಂಪನಿಯೂ ದಿನಕ್ಕೊಂದು ಅಗ್ಗದ ರೈಲನ್ನು ಓಡಿಸಲೇಬೇಕೆಂದು ವಿಧಿಸಿತು: ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ದರ ಕೂಡದು, ಆಸನ ಇರಬೇಕು, ಮಳೆಯಿಂದ ರಕ್ಷಣೆ ಇರಬೇಕು. ಅದಕ್ಕೆ ಮುಂಚೆ ಮೂರನೆಯ ದರ್ಜೆಯವರನ್ನು ಎಷ್ಟೋ ಕಡೆ ಸೂರಿಲ್ಲದ ಡಬ್ಬಿಗಳಲ್ಲಿ ಸಾಗಿಸುತ್ತಿದ್ದರು. ಈಗ ನೀವೇ ಲೆಕ್ಕ ಹಾಕಿ. 50 ಮೈಲಿಗೆ 50 ಪೆನ್ನಿ; ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗಿನಂತೆ ನಾಲ್ಕು ಶಿಲ್ಲಿಂಗಿಗೂ ಮೇಲು; ಹೋಗಿ ಬರಲು ಎಂಟಕ್ಕೂ ಮೇಲು. 1850ರ ಹೊತ್ತಿನಲ್ಲಿ ದಕ್ಷಿಣ ಇಂಗ್ಲೆಂಡಿನ ಹೊಲದ ಕೂಲಿಯಾಳಿಗೆ ಇಡೀ ವಾರದ ಸಂಬಳವೇ ಎಂಟೊಂಬತ್ತು ಶಿಲ್ಲಿಂಗು!

ಬಾಗಿಲು ತೆರೆದದ್ದು ಕಾನೂನಿಗಿಂತ ಹೆಚ್ಚಾಗಿ ವಿಹಾರದ ರೈಲು. ರಜೆಯ ದಿನ ಸಾವಿರಾರು ಜನರನ್ನು ಒಟ್ಟಿಗೆ ತುಂಬಿ, ಟಿಕೆಟ್ಟಿನ ದರವನ್ನು ಬಹಳ ಇಳಿಸಿದರೂ ಕಂಪನಿಗೆ ಲಾಭ. 1844ರ ಈಸ್ಟರ್ ಸೋಮವಾರ ಲಂಡನ್ನಿನಿಂದ ಹೊರಟ ಇಂಥ ಒಂದು ರೈಲಿಗೆ ದಾರಿಯಲ್ಲಿ ಡಬ್ಬಿಗಳನ್ನು ಸೇರಿಸುತ್ತ ಹೋಗಿ, ಕೊನೆಗೆ 57 ಡಬ್ಬಿಗಳೂ ಆರು ಎಂಜಿನುಗಳೂ ಆದವು. ಬ್ರೈಟನ್ ತಲುಪುವಾಗ ಮಧ್ಯಾಹ್ನ ದಾಟಿತ್ತು. ಕುದುರೆಗಾಡಿಗಿಂತ ಬೇಗ ಬಂತೆಂದು ಹೇಳುವಂತಿರಲಿಲ್ಲ. ಆದರೆ ಬಂದವರು ಬೇರೆಯೇ ಜನ. ಗದ್ದಲ ಒಗ್ಗದ ವಿಕ್ಟೋರಿಯಾ ರಾಣಿ ಬ್ರೈಟನ್ನಿಗೆ ಬರುವುದನ್ನೇ ಬಿಟ್ಟಳು. 1850ರಲ್ಲಿ ಅರಮನೆ ಊರಿನ ಆಡಳಿತಕ್ಕೆ ಮಾರಾಟವಾಯಿತು.

ವಾರಕ್ಕೆ ಆರು ದಿನ ದುಡಿಯುವವರಿಗೆ ಉಳಿದದ್ದು ಭಾನುವಾರ ಒಂದೇ. ಹಾಗಾಗಿ ವಿಹಾರದ ರೈಲುಗಳು ಭಾನುವಾರವೇ ಕಿಕ್ಕಿರಿಯುತ್ತಿದ್ದವು. ಇಲ್ಲಿಗೆ ನಮ್ಮ ನಾಲ್ಕನೆಯ ಪ್ರಶ್ನೆಗೆ ಬಂದೆವು.

1861ರ ಆಗಸ್ಟ್ 25, ಭಾನುವಾರ. ಕಡಲೂರಿನವರಿಗೂ ಲಂಡನ್ ನೋಡುವ ಆಸೆ ಇರುತ್ತದಲ್ಲ! ಬ್ರೈಟನ್ನಿನಿಂದ ಲಂಡನ್ನಿನತ್ತ ಮೂರು ರೈಲುಗಳು, ಎರಡು ವಿಹಾರದವು ಮತ್ತು ಒಂದು ಮಾಮೂಲಿನದು, ಒಂದರ ಹಿಂದೊಂದು ಹೊರಟವು. ನಡುವೆ ಐದು ನಿಮಿಷವಾದರೂ ಇರಬೇಕೆಂಬುದು ನಿಯಮ. ಇದ್ದದ್ದು ಮೂರು ನಾಲ್ಕು ನಿಮಿಷ. ಕ್ಲೇಟನ್ ಸುರಂಗದ ದಕ್ಷಿಣ ಬಾಯಲ್ಲಿ ಕಿಲಿಕ್ ಎಂಬ ಸಿಗ್ನಲ್‌ಮನ್, ಉತ್ತರದ ಬಾಯಲ್ಲಿ ಬ್ರೌನ್. ಇಬ್ಬರ ನಡುವೆ ಒಂದು ತಂತಿ ಯಂತ್ರ.

ಮೊದಲ ರೈಲು ಒಳಹೊಕ್ಕಾಗ ತಾನಾಗಿಯೇ ಅಪಾಯ ತೋರಿಸಬೇಕಿದ್ದ ಸಿಗ್ನಲ್ ಕೆಲಸ ಮಾಡಲಿಲ್ಲ. ಎಚ್ಚರಿಕೆಯ ಗಂಟೆ ಕೇಳಿ ಕಿಲಿಕ್ ಕೆಂಪು ಬಾವುಟ ಹಿಡಿದು ಓಡಿದ; ಅಷ್ಟರಲ್ಲಿ ಎರಡನೆಯ ರೈಲು ಸುರಂಗದೊಳಗೆ ನುಗ್ಗುತ್ತಿತ್ತು. ಚಾಲಕ ಬಾವುಟ ಕಂಡನೋ ಇಲ್ಲವೋ ಅವನಿಗೆ ತಿಳಿಯದು. ಚಾಲಕ ಕಂಡಿದ್ದ, ಒಳಗೆ ರೈಲು ನಿಲ್ಲಿಸಿ ಹಿಂದಕ್ಕೆ ತರತೊಡಗಿದ್ದ. ಕಿಲಿಕ್ ತಂತಿಯಲ್ಲಿ ಕೇಳಿದ: ಸುರಂಗ ಖಾಲಿಯೇ? ಆಗತಾನೇ ಮೊದಲ ರೈಲು ಹೊರಬಂದದ್ದನ್ನು ನೋಡಿದ್ದ ಬ್ರೌನ್, ಖಾಲಿ ಎಂದ. ಹೊರಬಂದದ್ದು ಎರಡನೆಯದೆಂದೇ ತಿಳಿದ ಕಿಲಿಕ್ ಮೂರನೆಯ ರೈಲಿಗೆ ದಾರಿ ಬಿಟ್ಟ. ಕತ್ತಲಲ್ಲಿ ಎರಡೂ ಡಿಕ್ಕಿ ಹೊಡೆದವು. 23 ಜನ ಸತ್ತರು, 176 ಜನ ಗಾಯಗೊಂಡರು.

ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಆ ದಿನ ಕಿಲಿಕ್‌ನದು ಸತತ 24 ಗಂಟೆಯ ಪಾಳಿ. ಹದಿನೆಂಟು ಗಂಟೆಯ ಬದಲು ಇಪ್ಪತ್ತನಾಲ್ಕು ಗಂಟೆ ದುಡಿದರೆ ಅವನಿಗೊಂದು ಪೂರ್ತಿ ದಿನದ ಬಿಡುವು ಸಿಗುತ್ತಿತ್ತು. ರೈಲಿನಲ್ಲಿದ್ದವರು ಬಯಸಿದ್ದನ್ನೇ ಅವನೂ ಬಯಸಿದ್ದ. ಬ್ರೈಟನ್ ನಿಲ್ದಾಣದ ಅಧಿಕಾರಿಯ ಮೇಲೆ ಮೊಕದ್ದಮೆ ನಡೆದು ಆತ ಬಿಡುಗಡೆಯಾದ. ಹಿಂದಿನ ರೈಲು ಹೊರಬರುವವರೆಗೆ ಮುಂದಿನದನ್ನು ಬಿಡಲೇಬಾರದೆಂಬ 'ಬ್ಲಾಕ್' ಪದ್ಧತಿ ಆಗಲೇ ಗೊತ್ತಿತ್ತು. ಆದರೂ ಅದನ್ನು ಕಡ್ಡಾಯ ಮಾಡಲು ಮತ್ತೊಂದು ವಿಹಾರದ ರೈಲು ಬಲಿಯಾಗಬೇಕಾಯಿತು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಪಟ್ಟಣದಿಂದ ವಾರೆನ್‌ಪಾಯಿಂಟ್ ಕಡಲತೀರಕ್ಕೆ ಭಾನುವಾರ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೊರಟಿದ್ದ ರೈಲದು. ಸತ್ತವರು 80ರ ಸುಮಾರು, ಅವರಲ್ಲಿ ಮಕ್ಕಳು ಅನೇಕ. ಕೆಲವೇ ವಾರಗಳಲ್ಲಿ ಕಾನೂನು ಬಂತು. ನಮ್ಮ ರೈಲುಗಳ ಸುರಕ್ಷತೆಯೂ ಬ್ಲಾಕ್ ಪದ್ಧತಿಯ ಮೇಲೆಯೇ ನಿಂತಿದೆ.

ಬ್ರೈಟನ್ ದಾರಿಗೆ ಆಮೇಲೆ ಸೈಕಲ್ಲೂ ಬಂತು, ಮೋಟಾರೂ ಬಂತು. 1888ರಲ್ಲಿ ಜೇಮ್ಸ್ ಸೆಲ್ಬಿ ಪಂತ ಕಟ್ಟಿ, ಕುದುರೆಗಾಡಿಯಲ್ಲಿ ಹೋಗಿ ಬಂದದ್ದು 7 ಗಂಟೆ 50 ನಿಮಿಷದಲ್ಲಿ. ಸಾಹಸವೇ ಸರಿ, ಆದರೆ ರೈಲಿನ ಮುಂದೆ ಅದು ಬರೀ ಆಟವಾಗಿತ್ತು. 1933ರ ಜನವರಿ 1ರಿಂದ ವಿದ್ಯುತ್ ರೈಲುಗಳು ಓಡತೊಡಗಿ, ವೇಗದ ರೈಲುಗಳಿಗೆ ಒಂದು ಗಂಟೆ ಸಾಕಾಯಿತು. ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ರೈಲ್ವೆ ನೌಕರರ ಅತಿಯಾದ ದುಡಿಮೆಯ ಗಂಟೆಗಳನ್ನು ಪ್ರಶ್ನಿಸುವ ಅಧಿಕಾರ ಸರ್ಕಾರಕ್ಕೆ ದೊರೆತದ್ದು 1893ರಲ್ಲಿ, ಕ್ಲೇಟನ್ ಅಪಘಾತವಾಗಿ 32 ವರ್ಷಗಳ ಮೇಲೆ. ಆ ಸುರಂಗದ ಉತ್ತರದ ಬಾಯಿಗೆ ಕೋಟೆಯಂಥ ಬುರುಜುಗಳಿವೆ, ಬುರುಜುಗಳ ನಡುವೆ ಒಂದು ಪುಟ್ಟ ಮನೆ. ಬ್ರೈಟನ್ನಿಗೆ ಹೋಗುವ ರೈಲುಗಳು ಇಂದಿಗೂ ಆ ಮನೆಯ ಕೆಳಗೆ ಹಾದೇ ಕಡಲಿನತ್ತ ಹೊರಬರುತ್ತವೆ.