ಹೊಳೆಯಲ್ಲಿ ತೂಗಿದ ಆನೆ

ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೇರೂಳು, ಎಂದರೆ ಎಲ್ಲೋರ, ರಾಷ್ಟ್ರಕೂಟ ಒಂದನೆಯ ಕೃಷ್ಣನು ಕಡೆಯಿಸಿದ ಕೈಲಾಸ ದೇವಾಲಯದಿಂದ ಕನ್ನಡಿಗರಿಗೆ ಪರಿಚಿತವಾಗಿದ್ದು, ಕಲ್ಲಾನೆಗಳು ಗುಡಿಯನ್ನೇ ಹೊತ್ತು ನಿಂತಂತಿರುವ ಆ ಊರಿನ ಪಾಟೀಲಿಕೆ ಭೋಸಲೆ ಮನೆತನಕ್ಕೆ ಸೇರಿತ್ತು. ಆ ಮನೆತನದ ಶಹಾಜಿಯು 1632ರಲ್ಲಿ ಮೊಗಲರ ಸೇವೆಯನ್ನು ತೊರೆದು, ನಾಸಿಕ, ತ್ರ್ಯಂಬಕ, ಸಂಗಮನೇರ, ಜುನ್ನರಗಳನ್ನು ವಶಪಡಿಸಿಕೊಂಡು ಬಿಜಾಪುರದ ಆದಿಲಶಾಹಿಯ ಪಕ್ಷ ಸೇರಿದನು. ಮರುವರ್ಷ ದೌಲತಾಬಾದ್ ಕೋಟೆ ಮೊಗಲರ ಪಾಲಾದಾಗ, ಅದನ್ನು ಉಳಿಸಲು ಹೋಗಿದ್ದ ಬಿಜಾಪುರದ ದಂಡನಾಯಕ ಮುರಾರ ಜಗದೇವನಿಗೂ ಅವನಿಗೂ ಒಡನಾಟವಿತ್ತು.

ಪುಣೆಯ ಬಳಿ ಭೀಮಾ ಮತ್ತು ಇಂದ್ರಾಯಣಿ ನದಿಗಳು ಕೂಡುವಲ್ಲಿ ಮುರಾರ ಜಗದೇವನು ತುಲಾದಾನ ಮಾಡಿದ್ದು ಈ 1633ರಲ್ಲೇ. ದಾನಿಯು ತಕ್ಕಡಿಯಲ್ಲಿ ಕುಳಿತು ತನ್ನ ತೂಕದ ದ್ರವ್ಯವನ್ನು ಕೊಡುವ ಈ ಪದ್ಧತಿ ದಖ್ಖಣಕ್ಕೆ ಹಳೆಯದು. ರಾಷ್ಟ್ರಕೂಟ ಮೂರನೆಯ ಇಂದ್ರನು 915ರಲ್ಲಿ ಕುರುಂದಕದಲ್ಲಿ ಪಟ್ಟಬಂಧದ ವೇಳೆ ಇದನ್ನು ನೆರವೇರಿಸಿದ್ದನು. ಆದರೆ ಮುರಾರನಿಗೆ ಆನೆಯೊಂದರ ತೂಕದಷ್ಟು ದಾನ ಮಾಡುವ ಬಯಕೆಯಿದ್ದು, ಅದನ್ನು ತೂಗಬಲ್ಲ ತಕ್ಕಡಿ ಇರಲಿಲ್ಲ. ಆಗ ಆನೆಯನ್ನು ದೋಣಿಗೆ ಹತ್ತಿಸಿ, ನೀರು ಮುಟ್ಟಿದ ಮಟ್ಟಕ್ಕೆ ಗುರುತು ಹಾಕಿ, ಆನೆಯನ್ನು ಇಳಿಸಿ, ಅದೇ ಗುರುತಿನವರೆಗೆ ದೋಣಿ ಮುಳುಗುವಷ್ಟು ಕಲ್ಲು ತುಂಬಿ, ಆ ಕಲ್ಲುಗಳನ್ನು ತೂಗುವ ಉಪಾಯವನ್ನು ಶಹಾಜಿ ಹೇಳಿಕೊಟ್ಟನೆಂದು ಬಖರುಗಳು, ಎಂದರೆ ಮರಾಠಿಯ ಗದ್ಯಚರಿತ್ರೆಗಳು, ಹೇಳುತ್ತವೆ. ಊರಿಗೆ ತುಳಾಪುರವೆಂಬ ಹೆಸರು ಬಂದದ್ದು ಈ ತುಲೆಯಿಂದ. ಚೀನಾದಲ್ಲಿ ಮೂರನೆಯ ಶತಮಾನದ ಬಾಲಕ ತ್ಸಾವ್ ಚೂಂಗ್‌ನ ಬಗೆಗೂ ಇದೇ ಕಥೆಯಿರುವುದರಿಂದ, ಇದನ್ನು ಒಬ್ಬನ ಶೋಧವೆನ್ನುವುದಕ್ಕಿಂತ, ಹೊರೆ ಹೆಚ್ಚಿದಂತೆ ದೋಣಿಯ ಅಂಚು ತಗ್ಗುವುದನ್ನು ದಿನವೂ ಕಾಣುವ ಅಂಬಿಗರ ತಿಳಿವಳಿಕೆಯೆನ್ನುವುದೇ ಸೂಕ್ತ.

ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಸರಿಸುತ್ತದೆ, ಸರಿದ ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ. ಈ ಒತ್ತನ್ನು ಪ್ಲವನ ಬಲವೆನ್ನುತ್ತಾರೆ. ನಾಲ್ಕು ಸಾವಿರ ಕಿಲೋ ತೂಗುವ ಆನೆ ದೋಣಿಯಲ್ಲಿ ನಿಂತರೂ, ತಾನೇ ಈಜಿದರೂ ಅದರಿಂದ ಸರಿಯುವುದು ನಾಲ್ಕು ಸಾವಿರ ಲೀಟರಿನಷ್ಟೇ ನೀರು. ಶ್ವಾಸಕೋಶದ ಗಾಳಿಯಿಂದಾಗಿ ಆನೆಯ ಸಾಂದ್ರತೆ ನೀರಿಗಿಂತ ತುಸು ಕಡಿಮೆಯಾಗುವುದರಿಂದ ಅದು ಮುಳುಗದೆ, ನೆತ್ತಿ, ಬೆನ್ನಿನ ತುಸು ಭಾಗ, ಸೊಂಡಿಲ ತುದಿಗಳನ್ನಷ್ಟೇ ಹೊರಗೆ ತೋರುತ್ತ ಸಾಗುತ್ತದೆ. ಈಜುವ ಆನೆಗೆ ಗುರುತು ಹಾಕುವುದು ಯಾರಿಂದಲೂ ಆಗದ ಕೆಲಸವಾದ್ದರಿಂದಲೇ ಮುರಾರನಿಗೆ ದೋಣಿ ಬೇಕಾಯಿತು! ಹೀಗೆ ಸೊಂಡಿಲಿನಿಂದ ಉಸಿರಾಡುವಾಗ ಆಳದಲ್ಲಿರುವ ಎದೆಯನ್ನು ನೀರು ಅದುಮಿದರೂ ಶ್ವಾಸಕೋಶದೊಳಗಿನ ಗಾಳಿ ಮೇಲಿನ ಗಾಳಿಯ ಒತ್ತಡದಲ್ಲೇ ಇರುತ್ತದೆ. ಈ ವ್ಯತ್ಯಾಸಕ್ಕೆ ಬೇರೆ ಸಸ್ತನಿಗಳಲ್ಲಿ ಶ್ವಾಸಕೋಶವನ್ನು ಸುತ್ತಿದ ಪೊರೆಯ ನವಿರಾದ ರಕ್ತನಾಳಗಳು ಒಡೆಯಬಹುದು. ಆನೆಯಲ್ಲಿ ಆ ಪೊರೆಗಳ ನಡುವೆ ತೆರಪಿಲ್ಲದೆ ಬಂಧಕ ಅಂಗಾಂಶ ತುಂಬಿರುವುದು ಇದೇ ಕಾರಣಕ್ಕೆಂದು ಶರೀರವಿಜ್ಞಾನಿ ಜಾನ್ ವೆಸ್ಟ್ ವಿವರಿಸಿದ್ದಾರೆ.

ಶಹಾಜಿಯ ವಶದಲ್ಲಿದ್ದ ನಾಸಿಕ ಸೀಮೆಯಲ್ಲಿ ಆನೆಯ ಚರಿತ್ರೆ ಮನುಷ್ಯರ ದಾಖಲೆಗಳಿಗಿಂತ ಬಹಳ ಹಿಂದಿನದು. ಅಲ್ಲಿನ ನಾಂದೂರ್ ಮಧಮೇಶ್ವರದ ಬಳಿ ಗೋದಾವರಿಯ ಮೆಕ್ಕಲಿನಲ್ಲಿ ದೊರೆತ, ಅಳಿದುಹೋದ ದೈತ್ಯ ಆನೆಯ ಪಳೆಯುಳಿಕೆಯನ್ನು ಗೈ ಪಿಲ್‌ಗ್ರಿಮ್ 1905ರಲ್ಲಿ ವರ್ಣಿಸಿದನು. ಈಗ ಪೇಲಿಯೊಲೊಕ್ಸೊಡಾನ್ ಎನ್ನಲಾಗುವ ಆ ಕುಲದ ಯುರೋಪಿನ ಬಳಗವು ಮೆಡಿಟರೇನಿಯನ್ನಿನ ಸೈಪ್ರಸ್ ದ್ವೀಪವನ್ನು ಸೇರಿ, ಅಲ್ಲಿ ತಲೆಮಾರುಗಳ ಮೇಲೆ ಕುಗ್ಗಿ ಕುಬ್ಜವಾಯಿತು. ನಡುವೆ ನೆಲದ ಸೇತುವೆ ಇರಲಿಲ್ಲವಾದ್ದರಿಂದ ಅವು ಕಡಲನ್ನು ಈಜಿಯೇ ದಾಟಿದವೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ.