ಪಲೆರ್ಮೊದಿಂದ ಲೂಚೆರಾದವರೆಗೆ: ಇಟಲಿಯ ಮುಸ್ಲಿಮರ ಕಥೆ

ಸಿಸಿಲಿ ದ್ವೀಪದ ಹೆಸರು ನಮ್ಮ ಪ್ರವಚನಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಅಲ್‌ಇದ್ರೀಸಿಯ ಭೂಪಟದ ಪ್ರಸಂಗದಲ್ಲಿ. ಕ್ರೈಸ್ತ ದೊರೆ ಎರಡನೆಯ ರೋಜರ್ ಒಬ್ಬ ಮುಸ್ಲಿಮ್ ವಿದ್ವಾಂಸನನ್ನು ಆಸ್ಥಾನದಲ್ಲಿರಿಸಿಕೊಂಡು, ಬೆಳ್ಳಿಯ ಫಲಕದ ಮೇಲೆ ಭೂಮಂಡಲವನ್ನು ಕೆತ್ತಿಸಿ, ಅದರ ವಿವರಣೆಯಾಗಿ ಒಂದು ಮಹಾಗ್ರಂಥವನ್ನು ಬರೆಸಿದನೆಂದು ನಾವು ಅಭಿಮಾನದಿಂದ ಹೇಳುತ್ತೇವೆ. ಹಿಜರಿ 548ರಲ್ಲಿ, ಅಂದರೆ ಕ್ರಿ.ಶ. 1154ರಲ್ಲಿ ಆ ಗ್ರಂಥ ಪೂರ್ಣಗೊಂಡಿತು. ಇದು ನಿಜ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಅದೇ ರಾಜ್ಯದ ಹೊಲಗಳಲ್ಲಿ ದುಡಿಯುತ್ತಿದ್ದ ಮುಸ್ಲಿಮ್ ಒಕ್ಕಲಿಗನ ಗತಿಯೇನಾಯಿತು, ಅವನ ಮೊಮ್ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳುವವರು ವಿರಳ.

ಹಿಜರಿ 212ರಲ್ಲಿ (ಕ್ರಿ.ಶ. 827) ಮುಸ್ಲಿಮ್ ಸೇನೆ ಸಿಸಿಲಿಯ ಮಝಾರಾ ತೀರಕ್ಕೆ ಇಳಿದಾಗ ಅದರ ಮುಂದಾಳಾಗಿದ್ದವರು ಒಬ್ಬ ಖಾಝಿ. ಕೈರವಾನಿನ ಅಸದ್ ಇಬ್ನುಲ್ ಫುರಾತ್(ರ) ಮದೀನಾದಲ್ಲಿ ಇಮಾಮ್ ಮಾಲಿಕ್(ರ)ರಿಂದಲೂ ಇರಾಕಿನಲ್ಲಿ ಇಮಾಮ್ ಮುಹಮ್ಮದ್ ಅಶ್ಶೈಬಾನಿ(ರ)ಯವರಿಂದಲೂ ಕಲಿತವರು. ಮುಂದೆ ‘ಮುದವ್ವನಾ’ ರೂಪುಗೊಂಡದ್ದು ಅವರು ಸಂಗ್ರಹಿಸಿದ ‘ಅಸದಿಯ್ಯಾ’ದ ತಳಹದಿಯ ಮೇಲೆ. ಎಪ್ಪತ್ತರ ಆಸುಪಾಸಿನ ಆ ವೃದ್ಧರು ಮರುವರ್ಷವೇ ಸಿರಾಕ್ಯೂಸ್ ನಗರದ ಮುತ್ತಿಗೆಯ ಕಾಲದಲ್ಲಿ ನಿಧನರಾದರು. ಸೇನೆಯನ್ನು ಕರೆತಂದವನು ಮಾತ್ರ ಯೂಫೀಮಿಯಸ್ ಎಂಬ ಕ್ರೈಸ್ತ ಸೇನಾಪತಿ. ತನ್ನ ಬೈಝಾಂಟಿಯಮ್ ಅರಸನ ಮೇಲೆ ಬಂಡೆದ್ದು ಆಫ್ರಿಕಾದ ಅಗ್ಲಬೀ ಅಮೀರರ ಬಾಗಿಲಿಗೆ ಬಂದವನು ಅವನು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

831ರಲ್ಲಿ ಪಲೆರ್ಮೊ, 878ರಲ್ಲಿ ಸಿರಾಕ್ಯೂಸ್, 902ರಲ್ಲಿ ತಾವೊರ್ಮಿನಾ ಕೈವಶವಾದವು. ಭಾರತದಿಂದ ಪರ್ಷಿಯಾದ ಮಾರ್ಗವಾಗಿ ಅರಬರ ಕೈಸೇರಿದ್ದ ಕಬ್ಬು, ಜೊತೆಗೆ ನಿಂಬೆ, ಕಿತ್ತಳೆ, ಹತ್ತಿ ಆ ದ್ವೀಪದಲ್ಲಿ ಬೇರೂರಿದವು. ನೀರಿನ ತೊಟ್ಟಿಗೆ ಸಿಸಿಲಿಯ ರೈತರು ಈಗಲೂ ‘ಜೆಬ್ಬಿಯಾ’ ಎನ್ನುತ್ತಾರೆ. ಅದು ಅರಬಿಯ ‘ಜಾಬಿಯಾ’. ಕಾಲ್ತನಿಸೆತ್ತಾ, ಕಾಲ್ತಜಿರೋನೆ ಎಂಬ ಊರುಗಳ ಆರಂಭದಲ್ಲಿರುವುದು ಕೋಟೆ ಎಂಬರ್ಥದ ‘ಖಲ್‌ಅಃ’. 973ರಲ್ಲಿ ಪಲೆರ್ಮೊಗೆ ಬಂದ ಪ್ರವಾಸಿ ಇಬ್ನು ಹೌಕಲ್ ಅಲ್ಲಿ ಮುನ್ನೂರಕ್ಕೂ ಹೆಚ್ಚು ಮಸೀದಿಗಳಿದ್ದವೆಂದು ಬರೆದಿದ್ದಾನೆ. ಜೊತೆಗೆ, ಅಲ್ಲಿನ ಜನ ಯುದ್ಧಕ್ಕೆ ಹೋಗುವುದರಿಂದ ತಪ್ಪಿಸಿಕೊಳ್ಳಲೆಂದೇ ಮಕ್ಕಳಿಗೆ ಪಾಠ ಹೇಳುವ ಉಸ್ತಾದರಾಗುತ್ತಾರೆಂದು ಗೇಲಿಯನ್ನೂ ಮಾಡಿದ್ದಾನೆ. ಅದೇ ವೃತ್ತಿಯಲ್ಲಿರುವ ನನಗೆ ಆ ಪುಟ ಓದುವಾಗ ನಗು ಬಂತೆಂದು ಒಪ್ಪಿಕೊಳ್ಳುತ್ತೇನೆ.

ಹನ್ನೊಂದನೆಯ ಶತಮಾನದ ನಡುವಿಗೆ ಕಲ್ಬೀ ಅಮೀರರ ಆಡಳಿತ ಕುಸಿದು, ಊರಿಗೊಬ್ಬ ಒಡೆಯ ತಲೆಯೆತ್ತಿದನು. ಅವರಲ್ಲೊಬ್ಬನಾದ ಇಬ್ನುಸ್ಸುಮ್ನಾ ತನ್ನ ಭಾವಮೈದುನ ಇಬ್ನುಲ್ ಹವ್ವಾಸನೊಡನೆ ಕಾದಾಡಿ ಸೋತು, ದಕ್ಷಿಣ ಇಟಲಿಯಲ್ಲಿ ಕೂಲಿಪಡೆಗಳಾಗಿ ಬಂದು ಒಡೆಯರಾಗಿ ಬೆಳೆಯುತ್ತಿದ್ದ ನಾರ್ಮನ್ನರ ನೆರವು ಬೇಡಿದನು. ಒಂದು ಕಾಲದಲ್ಲಿ ಕ್ರೈಸ್ತರ ಒಳಜಗಳ ಮುಸ್ಲಿಮರನ್ನು ಕರೆತಂದಿದ್ದರೆ, ಈಗ ಮುಸ್ಲಿಮರ ಒಳಜಗಳ ನಾರ್ಮನ್ನರನ್ನು ಕರೆತಂದಿತು. 1061ರಲ್ಲಿ ಮೆಸ್ಸಿನಾ, 1072ರಲ್ಲಿ ಪಲೆರ್ಮೊ, 1091ರಲ್ಲಿ ನೋತೊ ಅವರ ವಶವಾದವು. ಪಲೆರ್ಮೊದ ಮುಸ್ಲಿಮರು ತಮ್ಮ ಧರ್ಮ ಮತ್ತು ಶರೀಅತ್ತನ್ನು ಉಳಿಸಿಕೊಳ್ಳುವ ಕರಾರಿನ ಮೇಲೆ ಶರಣಾದರು. ದೊಡ್ಡ ಮಸೀದಿ ಚರ್ಚಾಯಿತು, ಖಾಝಿಯ ಪೀಠ ಉಳಿಯಿತು. ಒಂದು ಕಾಲದಲ್ಲಿ ಜಿಝಿಯಾ ಪಡೆಯುತ್ತಿದ್ದವರೇ ಇನ್ನು ಅದೇ ಹೆಸರಿನ ತೆರಿಗೆಯನ್ನು ಕಟ್ಟಬೇಕಾಯಿತು.

ಆಗ ಎದ್ದ ಪ್ರಶ್ನೆ ಸಣ್ಣದಲ್ಲ. ಕ್ರೈಸ್ತ ದೊರೆ ನೇಮಿಸಿದ ಖಾಝಿಯ ತೀರ್ಪನ್ನು ಮುಸ್ಲಿಮ್ ನಾಡುಗಳಲ್ಲಿ ಮಾನ್ಯ ಮಾಡಬಹುದೇ? ಉತ್ತರ ಆಫ್ರಿಕಾದ ಮಹದಿಯಾದಲ್ಲಿದ್ದ ಇಮಾಮ್ ಅಲ್‌ಮಾಝರಿ(ರ)ಯವರ ಮುಂದೆ ಇದು ಬಂತು. ಅವರ ಹೆಸರೇ ಸಿಸಿಲಿಯ ಮಝಾರಾ ಊರಿನ ನಂಟನ್ನು ಹೇಳುತ್ತದೆ. ಅಂತಹ ನಾಡಿನಲ್ಲಿ ನೆಲೆಸುವುದು ಸಾಮಾನ್ಯವಾಗಿ ಸಲ್ಲದೆಂದು ಅವರು ಹೇಳಿದರೂ ಅಲ್ಲಿ ಉಳಿದವರ ಬಗ್ಗೆ ಸದ್ಭಾವವನ್ನೇ ತಾಳಬೇಕೆಂದರು. ಅವರು ನಿರುಪಾಯರಾಗಿರಬಹುದು, ಇಲ್ಲವೇ ಜನರಿಗೆ ಸನ್ಮಾರ್ಗ ತೋರುವ ಆಸೆಯಿಂದ ನಿಂತಿರಬಹುದು. ಜನರಿಗೆ ನ್ಯಾಯ ಬೇಕೇಬೇಕಾದ್ದರಿಂದ ನೇಮಿಸಿದವನು ಯಾರೆಂಬ ಒಂದೇ ಕಾರಣಕ್ಕೆ ಖಾಝಿಯ ತೀರ್ಪು ಅಸಿಂಧುವಾಗದು. ಊರು ಬಿಡಲಾಗದವನನ್ನು ದೂರದಲ್ಲಿ ಕುಳಿತು ಹಳಿಯುವುದು ಸುಲಭವಿತ್ತು. 1141ರಲ್ಲಿ ನಿಧನರಾದ ಆ ಇಮಾಮರು ಹಾಗೆ ಮಾಡಲಿಲ್ಲ.

ಇದೇ ಕಾಲದಲ್ಲಿ ಉತ್ತರ ಇಟಲಿ ಬೇರೆ ದಾರಿ ಹಿಡಿದಿತ್ತು. ಮಿಲಾನ್, ಪೀಸಾ, ಜಿನೋವಾ ಮೊದಲಾದ ನಗರಗಳ ಪೌರರು ಸಂಘ ಕಟ್ಟಿಕೊಂಡು ತಮ್ಮ ಅಧಿಕಾರಿಗಳನ್ನು ತಾವೇ ಆರಿಸತೊಡಗಿದ್ದರು. 1176ರಲ್ಲಿ ಲೆನ್ಯಾನೊ ರಣರಂಗದಲ್ಲಿ ಅವರ ಒಕ್ಕೂಟ ಚಕ್ರವರ್ತಿಯನ್ನೇ ಸೋಲಿಸಿತು. ದಕ್ಷಿಣದಲ್ಲಾದರೋ 1130ರಿಂದ ಒಂದೇ ಸಿಂಹಾಸನ, ಒಂದೇ ಇಚ್ಛೆ. ಅರಬಿ, ಗ್ರೀಕ್, ಲ್ಯಾಟಿನ್ ಮೂರೂ ಭಾಷೆಗಳಲ್ಲಿ ಶಾಸನ ಬರೆಯುತ್ತಿದ್ದ ದೀವಾನ್, ಕೂಫೀ ಲಿಪಿಯ ರಾಜನಿಲುವಂಗಿ, ಅರಮನೆಯ ಪ್ರಾರ್ಥನಾಲಯಕ್ಕೆ ಮುಸ್ಲಿಮ್ ಶೈಲಿಯ ಮುಖರ್ನಸ್ ಛಾವಣಿ: ಇವೆಲ್ಲ ದೊರೆಯ ಮರ್ಜಿಯಿಂದ ಬಂದವು. ಮುಸ್ಲಿಮರ ರಕ್ಷಣೆಯೂ ಅದೇ ಮರ್ಜಿಯ ಫಲ. ಆ ಕೈ ಸಡಿಲವಾದಾಗಲೆಲ್ಲ ರಕ್ತ ಹರಿಯಿತು. 1161ರಲ್ಲಿ ದೊರೆಯ ವಿರುದ್ಧ ಶ್ರೀಮಂತರು ಬಂಡೆದ್ದಾಗ ಪಲೆರ್ಮೊದ ಬೀದಿಗಳಲ್ಲಿ ಮೊದಲು ಕೊಲ್ಲಲ್ಪಟ್ಟವರಲ್ಲಿ ಮುಸ್ಲಿಮರಿದ್ದರು. ಎರಡನೆಯ ವಿಲಿಯಂ ಮೊನ್ರೆಯಾಲೆಯ ಕ್ರೈಸ್ತ ಮಠಕ್ಕೆ ಪಶ್ಚಿಮ ಸಿಸಿಲಿಯ ವಿಶಾಲ ಭೂಮಿಯನ್ನು ದಾನ ಕೊಟ್ಟಾಗ ನೆಲದೊಂದಿಗೆ ಅದನ್ನು ಉಳುವ ಮುಸ್ಲಿಮರೂ ಹಸ್ತಾಂತರವಾದರು. 1178ರಲ್ಲಿ ಬರೆದ ‘ಜರೀದಾ’ ಎಂಬ ಪಟ್ಟಿಯಲ್ಲಿ ಆ ಒಕ್ಕಲಿಗರ ಹೆಸರುಗಳು ಅರಬಿ, ಗ್ರೀಕ್ ಲಿಪಿಗಳಲ್ಲಿ ಸಾಲುಸಾಲಾಗಿ ಉಳಿದಿವೆ. ಅಲ್‌ಇದ್ರೀಸಿಯ ಭೂಪಟಕ್ಕಿಂತ ಆ ಪಟ್ಟಿ ನನ್ನನ್ನು ಹೆಚ್ಚು ಕಾಡುತ್ತದೆ.

ಇದನ್ನೆಲ್ಲ ಕಣ್ಣಾರೆ ಕಂಡವರು ಅಂದಲುಸಿನ ಇಬ್ನು ಜುಬೈರ್. 1184ರ ಡಿಸೆಂಬರ್‌ನಲ್ಲಿ, ಹಜ್ಜಿನಿಂದ ಮರಳುತ್ತಿದ್ದಾಗ ಅವರ ಹಡಗು ಮೆಸ್ಸಿನಾದ ಬಳಿ ಒಡೆಯಿತು. ದಡಕ್ಕೆ ಒಯ್ಯುವ ದೋಣಿಯವರಿಗೆ ಕೊಡಲು ಹಣವಿಲ್ಲದ ಬಡ ಮುಸ್ಲಿಮರ ಪರವಾಗಿ ವಿಲಿಯಂ ದೊರೆಯೇ ಹಣ ತೆತ್ತನು. ಪಲೆರ್ಮೊದಲ್ಲಿ ಅಝಾನ್ ಕೇಳಿಬರುತ್ತಿತ್ತು, ಮಸೀದಿಗಳೂ ಪೇಟೆಗಳೂ ತುಂಬಿದ್ದವು. ಕ್ರೈಸ್ತ ಸ್ತ್ರೀಯರು ಹಬ್ಬದ ದಿನ ಮುಸ್ಲಿಮ್ ಸ್ತ್ರೀಯರಂತೆಯೇ ಉಡುಗೆ ತೊಟ್ಟು ನಡೆದರು. ಆದರೆ ಖುತ್ಬಾಗೆ ನಿಷೇಧವಿದ್ದ ಕಾರಣ ಜುಮಾ ನಡೆಯುತ್ತಿರಲಿಲ್ಲ. ಈದ್ ದಿನಗಳಲ್ಲಿ ಮಾತ್ರ ಖುತ್ಬಾ ಇತ್ತು.

ಮನೆಯೊಳಗಿನ ನೋವನ್ನೂ ಇಬ್ನು ಜುಬೈರ್ ಬರೆದಿಟ್ಟರು. ತಂದೆ ಗದರಿದರೆ ಮಗ, ತಾಯಿ ಸಿಡುಕಿದರೆ ಮಗಳು ಮುನಿಸಿಕೊಂಡು ಚರ್ಚಿಗೆ ಓಡಿಹೋಗಿ ದೀಕ್ಷೆ ಪಡೆದುಬಿಡಬಹುದು. ಆಮೇಲೆ ಆ ಮಗುವಿನ ಮೇಲೆ ಹೆತ್ತವರಿಗೆ ಹಕ್ಕಿಲ್ಲ. ಹೀಗಾಗಿ ಮಕ್ಕಳಿಗೆ ಬುದ್ಧಿ ಹೇಳಲೂ ಹೆತ್ತವರು ಅಂಜುತ್ತಿದ್ದರು. ತ್ರಾಪನಿಯಲ್ಲಿ ಒಬ್ಬ ಗೌರವಸ್ಥ ತನ್ನ ಎಳೆಯ ಮಗಳನ್ನು ಹಾಜಿಯೊಬ್ಬನ ಕೈಗೆ ಒಪ್ಪಿಸಿದನು. ಮನಸ್ಸಿದ್ದರೆ ನೀನು ನಿಕಾಹ್ ಆಗು, ಇಲ್ಲವಾದರೆ ನಿನ್ನ ನಾಡಿನಲ್ಲಿ ಒಳ್ಳೆಯವನಿಗೆ ಕೊಡು, ಅಂತೂ ಇವಳನ್ನು ಇಲ್ಲಿಂದ ಕರೆದೊಯ್ಯಿ ಎಂಬುದು ಅವನ ಬೇಡಿಕೆ. ಹುಡುಗಿಯೂ ಒಪ್ಪಿದ್ದಳು. ದ್ವೀಪದ ಮುಸ್ಲಿಮರ ನಾಯಕನಾಗಿದ್ದ ಅಬುಲ್ ಕಾಸಿಮ್ ಇಬ್ನು ಹಮ್ಮೂದ್ ಅಪವಾದಕ್ಕೆ ಸಿಲುಕಿ, ದೊಡ್ಡ ದಂಡ ತೆತ್ತು ಬರಿಗೈಯಾಗಿದ್ದನು. ಕುಟುಂಬಸಮೇತ ಗುಲಾಮರಾಗಿ ಮಾರಾಟವಾದರೂ ಸರಿ, ಇಲ್ಲಿಂದ ಬಿಡುಗಡೆಯಾದರೆ ಸಾಕೆಂದು ಅವನು ಹೇಳಿದ್ದನ್ನು ಕೇಳಿ ಇಬ್ನು ಜುಬೈರ್ ಕಣ್ಣೀರಿಟ್ಟರು.

1189ರಲ್ಲಿ ವಿಲಿಯಂ ಮಕ್ಕಳಿಲ್ಲದೆ ಸತ್ತನು. ಪಲೆರ್ಮೊದಲ್ಲಿ ಮತ್ತೆ ದಾಳಿಗಳಾಗಿ ಮುಸ್ಲಿಮರು ಪಶ್ಚಿಮದ ಬೆಟ್ಟಗಳನ್ನೇರಿ ದಂಗೆಯೆದ್ದರು. ಮುಂದೆ ಬಂದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಅರಬಿ ಬಲ್ಲವನು. 1229ರಲ್ಲಿ ಸುಲ್ತಾನ್ ಅಲ್‌ಕಾಮಿಲ್‌ನೊಡನೆ ಯುದ್ಧವಿಲ್ಲದೆಯೇ ಜೆರುಸಲೇಮಿನ ಒಪ್ಪಂದ ಮಾಡಿಕೊಂಡವನು. ಅವನನ್ನು ಹೊಗಳುವ ಲೇಖನಗಳು ನಮ್ಮಲ್ಲೂ ಇವೆ. ಆದರೆ ಸಿಸಿಲಿಯ ಮುಸ್ಲಿಮರನ್ನು ಬೆಟ್ಟಗಳಿಂದಿಳಿಸಿ, ಸಮುದ್ರ ದಾಟಿಸಿ, ಇಟಲಿಯ ಮುಖ್ಯಭೂಮಿಯ ಅಪುಲಿಯಾದಲ್ಲಿರುವ ಲೂಚೆರಾ ಪಟ್ಟಣಕ್ಕೆ ಸಾವಿರಾರು ಸಂಖ್ಯೆಯಲ್ಲಿ ಗಡೀಪಾರು ಮಾಡಿದವನೂ ಅವನೇ. 1220ರ ದಶಕದಲ್ಲಿ ಆರಂಭವಾದ ಈ ಕೆಲಸ 1246ರ ಹೊತ್ತಿಗೆ ಮುಗಿಯಿತು. ಇನ್ನೂರೈವತ್ತು ವರ್ಷ ಇಸ್ಲಾಮಿನ ಮನೆಯಾಗಿದ್ದ ದ್ವೀಪದಲ್ಲಿ ಮುಸ್ಲಿಮ್ ಸಮುದಾಯವೇ ಇಲ್ಲವಾಯಿತು.

ಲೂಚೆರಾದಲ್ಲಿ ಅವರಿಗೆ ಮಸೀದಿ ಸಿಕ್ಕಿತು, ಖಾಝಿ ಸಿಕ್ಕಿದನು, ಉಳಲು ಹೊಲ ಸಿಕ್ಕಿತು. ಸುಲ್ತಾನ್ ಬೈಬರ್ಸ್‌ನ ರಾಯಭಾರಿಯಾಗಿ 1261ರಲ್ಲಿ ಫ್ರೆಡರಿಕನ ಮಗ ಮ್ಯಾನ್‌ಫ್ರೆಡ್‌ನ ಬಳಿಗೆ ಹೋದ ಇತಿಹಾಸಕಾರ ಇಬ್ನು ವಾಸಿಲ್, ಅಲ್ಲಿ ಜುಮಾ ಬಹಿರಂಗವಾಗಿ ನಡೆಯುತ್ತಿತ್ತೆಂದು ದಾಖಲಿಸಿದ್ದಾರೆ. ಇದರ ಬೆಲೆ ಬೇರೆಯಿತ್ತು. ಪೋಪನ ಬಹಿಷ್ಕಾರಕ್ಕೆ ಹೆದರದ ಸೈನಿಕರು ಚಕ್ರವರ್ತಿಗೆ ಬೇಕಿದ್ದರು. ಲೂಚೆರಾದ ಬಿಲ್ಲಾಳುಗಳು 1237ರಲ್ಲಿ ಕೊರ್ತೆನುವೋವಾದಲ್ಲಿ ಉತ್ತರದ ನಗರಗಳ ವಿರುದ್ಧ ಕಾದಿದರು. ತಮಗೆ ಹಗೆಯೇ ಇಲ್ಲದ ಜನರ ಹಗೆಯನ್ನು ಹೀಗೆ ಅವರು ದೊರೆಯ ಪರವಾಗಿ ಕಟ್ಟಿಕೊಂಡರು. 1266ರಲ್ಲಿ ಬೆನೆವೆಂತೊದಲ್ಲಿ ಮ್ಯಾನ್‌ಫ್ರೆಡ್ ಮಡಿದನು. ಅವನನ್ನು ಗೆದ್ದ ಆಂಜೂ ವಂಶದ ಚಾರ್ಲ್ಸ್‌ನ ವಿರುದ್ಧ ಲೂಚೆರಾ ಬಂಡೆದ್ದು, ಮುತ್ತಿಗೆಯ ಹಸಿವನ್ನು ತಾಳಲಾರದೆ 1269ರ ಆಗಸ್ಟ್‌ನಲ್ಲಿ ಶರಣಾಯಿತು. ಅವನು ಅವರನ್ನು ಕೊಲ್ಲಿಸಲಿಲ್ಲ. ತೆರಿಗೆ ಕಟ್ಟುವ, ಬಿಲ್ಲು ಹಿಡಿಯುವ ಜನ ಅವನಿಗೂ ಬೇಕಾಗಿದ್ದರು.

ಅವನ ಮಗ ಎರಡನೆಯ ಚಾರ್ಲ್ಸ್‌ನ ಕಾಲಕ್ಕೆ ಸಿಸಿಲಿ ಕೈಬಿಟ್ಟುಹೋಗಿತ್ತು. ಯುದ್ಧದ ಸಾಲ ಬೆಳೆದಿತ್ತು. 1300ರ ಆಗಸ್ಟ್‌ನಲ್ಲಿ ಅವನ ಅಧಿಕಾರಿ ಜೊವಾನ್ನಿ ಪಿಪೀನೊ ಲೂಚೆರಾವನ್ನು ಹಿಡಿದನು. ಊರಿನ ಧಾನ್ಯ, ದನಕರು, ಮನೆಸಾಮಾನುಗಳ ಲೆಕ್ಕ ಬರೆಯಲಾಯಿತು. ಗಂಡಸರು, ಹೆಂಗಸರು, ಮಕ್ಕಳು ಗುಲಾಮರಾಗಿ ಮಾರಾಟವಾದರು. ಬಂದ ಹಣ ದೊರೆಯ ಬೊಕ್ಕಸ ಸೇರಿತು. ಪಟ್ಟಣಕ್ಕೆ ಸಂತ ಮೇರಿಯ ನಗರವೆಂದು ಹೊಸ ಹೆಸರಿಟ್ಟರು. ಮಸೀದಿಯಿದ್ದ ಜಾಗದಲ್ಲಿ ಕಟ್ಟಿದ ಕೆಥೆಡ್ರಲ್ ಇಂದಿಗೂ ನಿಂತಿದೆ. ಊರಿನ ಜನ ಮಾತ್ರ ಆ ಹೊಸ ಹೆಸರನ್ನು ಬಿಟ್ಟು ಮತ್ತೆ ಲೂಚೆರಾ ಎಂದೇ ಕರೆಯುತ್ತಾರೆ.